ಕಮಲಾಪುರದ ಸಂಜೆಗಾಳಿಯ ಕುರಿತು

ದಿವಂಗತ ವಿದ್ಯಾವತಿಯ ಸನ್ನಿಧಿಗೆ,

ಕಲಬುರಗಿಯಿಂದ ನಿನ್ನ ಪತಿ ಕಲ್ಯಾಣಪ್ಪ ತಿಳಿಯಪಡಿಸುವುದೇನೆಂದರೆ, ನಿನ್ನೆ ನಾನು ನಿನ್ನ ತವರಾದ ಕಮಲಾಪುರಕ್ಕೆ ಹೋಗಿದ್ದೆ. ಯಾರೂ ಕರೆದಿರಲಿಲ್ಲ.

ಹೋದ ವೈಶಾಖದಲ್ಲಿ, ನಮ್ಮ ಕಲ್ಲಿನ ಮನೆಯ ಕಾವು ಇರುಳಿಗೂ ಆರದಿದ್ದಾಗ, ದಮ್ಮಿನಿಂದ ಮಲಗಿದ್ದ ನೀನು ಕೇಳಿದ್ದೆ: “ಎಂಟು ದಿನ ತವರಿಗಿ ಬಿಟ್ಟು ಬರ್ರೀ. ಸಂಜಿಗಿ ಗುಡ್ಡದ ಗಾಳಿ ಬಂತಂದ್ರ ಉಸಿರು ಹಗುರಾಗ್ತದ.” ತವರಿನವರು ಬಂದು ಕರೆಯದೆ ಅಳಿಯನಾದವನು ಅವರ ಹೊಸ್ತಿಲು ತುಳಿಯುವುದು ಮರ್ಯಾದೆಯಲ್ಲವೆಂದು ಉತ್ತರಿಸಿದೆ. ಮಳೆಗೆ ಮುಂಚೆಯೇ ನೀನು ತೀರಿಕೊಂಡೆ.

ಇದನ್ನು ನಿನ್ನೆ ನಿನ್ನ ತಮ್ಮ ಚಂದ್ರಶಾನಿಗೆ ಹೇಳಿದೆ. ಅವನು, “ಆಕಿದೇ ಮನಿಗಿ ಆಕಿನ್ನ ಕರೀಬೇಕಂತ ನಮಗ ಹೊಳೀಲೇ ಇಲ್ಲ, ಮಾಮಾ” ಎಂದ.

ಐದು ಗಂಟೆಯ ಸುಮಾರಿಗೆ ಗುಡ್ಡದ ಕಡೆಯಿಂದ ಗಾಳಿ ಇಳಿಯಿತು. ದಿನವೆಲ್ಲ ಕಾದಿದ್ದ ಬಯಲು ತಣ್ಣಗಾಗತೊಡಗಿತು. ಬಾಳೆತೋಟವಿಡೀ ಸದ್ದು ಮಾಡಿತು. ಎಲ್ಲರೂ ಅಂಗಳಕ್ಕೆ ಬಂದು ಕುಳಿತರು. ನಾನು ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. “ಒಳಗ ಭಾಳ ಝಳ ಅದರೀ, ಹೊರಗ ಬರ್ರೀ” ಎಂದು ಚಂದ್ರಶಾನ ಹೆಂಡತಿ ಬಂಡಮ್ಮ ಕೂಗಿದಳು. ಬೆವರಿನಿಂದ ಅಂಗಿಯೆಲ್ಲ ತೊಯ್ದರೂ, ಆ ಗಾಳಿ ನಿಲ್ಲುವವರೆಗೆ ನಾನು ಹೊರಬರಲಿಲ್ಲವೆಂಬುದನ್ನು ನಿನ್ನ ಅವಗಾಹನೆಗೆ ತರುತ್ತಿದ್ದೇನೆ.