ಬಿಳಿ ಕಾಗದ ಅಂಟಿಸಿದ ಹನ್ನೊಂದು ಪುಟ

ಮಾರ್ಚ್ ೧೧, ಸೋಮವಾರ

ಪ್ರೀತಿಯ ಗುಬ್ಬಿಗೆ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಅಕ್ಕನಿಗೆ ಸೊಕ್ಕು ಎಂದು ಬೈದುಕೊಂಡಿರುತ್ತೀಯ. ಬೈದುಕೋ. ಕೆಲಸ ಜಾಸ್ತಿ ಇತ್ತು ಎಂದು ಬರೆಯಬಹುದಿತ್ತು. ನಲವತ್ತು ವರ್ಷ ಆ ಒಂದೇ ನೆಪದಲ್ಲಿ ಮದುವೆ, ಸಾವು, ನೆಂಟರು ಎಲ್ಲವನ್ನೂ ತಪ್ಪಿಸಿಕೊಂಡವಳು ನಾನು. ಈ ಸಲ ಅದು ಸುಳ್ಳಾಗುತ್ತದೆ. ನೀನು ಕೇಳಿದ ಪ್ರಶ್ನೆಗೆ ಹೆದರಿ ಸುಮ್ಮನಿದ್ದೆ.

ನನ್ನ ಆರೋಗ್ಯ ಪರವಾಗಿಲ್ಲ. ಮಂಡಿ ಹೋಗಿದೆ, ನಿವೃತ್ತಿಯಾದ ಮೇಲೂ ಬಾಕಿ ಕೆಲಸಕ್ಕೆ ಹೋಗುತ್ತಿರುವ ಪ್ರಕಾಶನದ ಆಫೀಸಿನ ಮೂರು ಮಹಡಿ ಹತ್ತುವಷ್ಟರಲ್ಲಿ ಮೊದಲ ಮಹಡಿಯ ಹಲ್ಲಿನ ಡಾಕ್ಟರ ಬೆಂಚಿನ ಮೇಲೆ ಒಮ್ಮೆ, ಎರಡನೆಯ ಮಹಡಿಯ ವಕೀಲರ ಬೆಂಚಿನ ಮೇಲೆ ಒಮ್ಮೆ ಕೂರುತ್ತೇನೆ. ಹಲ್ಲಿನ ಡಾಕ್ಟರು ನನ್ನನ್ನು ರೋಗಿ ಎಂದುಕೊಂಡು ಎರಡು ಸಲ ಒಳಗೆ ಕರೆದದ್ದೂ ಆಯಿತು.

ನಿನ್ನ ಕಾಗದ ಇಲ್ಲೇ ಮೇಜಿನ ಮೇಲಿದೆ. ‘ಹಮಾಲಿ ಸಂಘದ ಕಾರ್ಯದರ್ಶಿ ಮನೆಗೆ ಬಂದಿದ್ದರು, ಇವರ ಪುಸ್ತಕಕ್ಕೆ ಇಪ್ಪತ್ತೈದು ವರ್ಷ ಆಯ್ತಂತೆ, ಹೊಸ ಮುದ್ರಣದ ಮೊದಲಿಗೆ ನಾನು ಎರಡು ಮಾತು ಬರೆಯಬೇಕಂತೆ, ಇವರು ಮನೆಯಲ್ಲಿ ಹೇಗಿದ್ದರು ಅಂತ. ನನಗೇನು ಬರೆಯೋಕೆ ಬರುತ್ತೆ ಅಕ್ಕ, ನೀನೇ ಏನಾದರೂ ಬರೆದುಬಿಡು, ನಾನು ಸಹಿ ಹಾಕ್ತೀನಿ.’ ಇಷ್ಟೇ ನೀನು ಬರೆದದ್ದು. ಕೆಳಗೆ, ಮನೆಯ ನಲ್ಲಿ ರಿಪೇರಿಯಾಯಿತು ಎಂದು ಒಂದು ಸಾಲು.

ಮನೆಯಲ್ಲಿ ಹೇಗಿದ್ದರು. ಗುಬ್ಬಿ, ನಿನ್ನ ಗಂಡ ಗೋದಾಮಿನಲ್ಲಿ ಇಪ್ಪತ್ತು ವರ್ಷ ಮೂಟೆ ಹೊತ್ತವನು. ಬದುಕಿಡೀ ಒಂದೇ ಪುಸ್ತಕ ಬರೆದ, ತನ್ನ ಕಥೆಯನ್ನೇ ಬರೆದ, ‘ನೂರು ಕಿಲೋ’ ಎಂದು ಹೆಸರಿಟ್ಟ. ಅದು ಶಾಲೆಯ ಪಾಠವಾಯಿತು. ಹಮಾಲಿಗಳು ಅದರ ಸಾಲುಗಳನ್ನು ಹಲಗೆಯ ಮೇಲೆ ಬರೆದು ಮೆರವಣಿಗೆಯಲ್ಲಿ ಹಿಡಿದರು. ಅವನು ಸತ್ತು ಮೂರು ವರ್ಷವಾದರೂ ಸಂಘದ ಗೋಡೆಯ ಮೇಲಿಂದ ಅವನ ಫೋಟೋ ಇಳಿದಿಲ್ಲ. ಆ ಪುಸ್ತಕ ತಿದ್ದಿ ಅಚ್ಚು ಮಾಡಿಸಿದವಳು ನಾನು. ನನ್ನನ್ನು ನಾಲ್ಕು ಜನ ಗುರುತಿಸಿದ್ದು ಅದರಿಂದಲೇ. ಹೋದ ತಿಂಗಳು ನನ್ನ ನಿವೃತ್ತಿಯ ಸಭೆಯಲ್ಲಿ ಒಬ್ಬ ಪ್ರೊಫೆಸರ್ ಎದ್ದು, ತಮ್ಮ ಎಂಟುನೂರು ಪುಟದ ಕಾದಂಬರಿಯನ್ನು ‘ಕತ್ತರಿ ಅಕ್ಕ’ ಮುನ್ನೂರಕ್ಕೆ ಇಳಿಸಿದ್ದರಿಂದಲೇ ಅದನ್ನು ತಾವೂ ಓದಲು ಸಾಧ್ಯವಾಯಿತು ಎಂದರು. ಜನ ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ‘ನೂರು ಕಿಲೋ’ದ ಹೆಸರೆತ್ತಿ, ಒಬ್ಬ ಕೂಲಿಯವನನ್ನು ಮಹಾತ್ಮನಾಗಿ ಕೆತ್ತಿದ ಕೈ ಇದು ಎಂದು ನನ್ನ ಕೈ ಹಿಡಿದು ಮೇಲೆತ್ತಿದರು. ಕೆಳಗೆ ಮೊದಲ ಸಾಲಿನಲ್ಲಿ ನೀನು ಕೂತಿದ್ದೆ. ಚಪ್ಪಾಳೆ ತಟ್ಟುತ್ತಿದ್ದೆ.

ಆ ಸಭೆಗೆ ಮೂರು ವಾರ ಮೊದಲೇ ನಾನು ಸಿಕ್ಕಿಬಿದ್ದಿದ್ದೆ. ಅದನ್ನು ಹೇಳುವುದಕ್ಕೇ ಈ ಕಾಗದ.

ನನ್ನ ಕೆಲಸದ ರೀತಿ ನಿನಗೆ ಗೊತ್ತಿಲ್ಲ, ಹೇಳುತ್ತೇನೆ. ಸಂಘದ ಪತ್ರಿಕೆಯಲ್ಲಿ ಕರಡು ತಿದ್ದುವವಳಾಗಿ ಸೇರಿದಾಗ ಅಲ್ಲಿನ ಮುದುಕ ಸಂಪಾದಕರು ಕಲಿಸಿದ್ದು: ಬೇಡವಾದ ಭಾಗವನ್ನು ಗೀಚಿದರೆ ಅಚ್ಚಿಗೆ ಜೋಡಿಸುವವನು ತಪ್ಪು ಮಾಡುತ್ತಾನೆ, ಹರಿದರೆ ಬರೆದವನಿಗೆ ಅವಮಾನ, ಆದ್ದರಿಂದ ಮೇಲೆ ಬಿಳಿ ಕಾಗದ ಅಂಟಿಸು. ಕೆಳಗೆ ಅವನ ಅಕ್ಷರ ಹಾಗೇ ಇರುತ್ತದೆ. ಇದನ್ನು ನಾನು ದೊಡ್ಡ ಸಭ್ಯತೆ ಎಂದುಕೊಂಡಿದ್ದೆ. ಊರಿನ ಪುಸ್ತಕಗಳನ್ನೆಲ್ಲ ಹೀಗೆ ಗೋಂದು, ಕತ್ತರಿ ಹಿಡಿದು ತಿದ್ದಿದೆ. ದುಡ್ಡಿದ್ದವರ ಪದ್ಯ, ಅಧಿಕಾರಿಗಳ ಪ್ರವಾಸಕಥನ ಮುಖದ ಮೇಲೆ ಎಸೆದೆ. ಚಪ್ಪಲಿ ಹೊಲಿಯುವವನ, ಆಸ್ಪತ್ರೆಯ ಆಯಾಳ, ಜೈಲಿನಿಂದ ಬಂದವನ ಬರಹ ಹುಡುಕಿಕೊಂಡು ಹೋದೆ. ಅದರ ಬಗ್ಗೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಅಂಥವರ ಬಾಯಿ ತೆರೆಸಲಿಕ್ಕೆಂದೇ ಈ ಕೆಲಸಕ್ಕೆ ಬಂದವಳು ನಾನು.

ಹೊಸ ಮುದ್ರಣಕ್ಕೆ ಮೂಲ ಹಸ್ತಪ್ರತಿಯ ಜೊತೆ ಒಮ್ಮೆ ಹೋಲಿಸಿ ನೋಡು ಎಂದು ನಮ್ಮಲ್ಲಿನ ಕಿರಿಯ ಸಂಪಾದಕಿಗೆ ಕಬ್ಬಿಣದ ಬೀರುವಿನ ಬೀಗದ ಕೈ ಕೊಟ್ಟವಳೂ ನಾನೇ. ಮರೆತಿದ್ದೆನೋ, ಬೇಕೆಂದೇ ಕೊಟ್ಟೆನೋ, ನನಗೇ ತಿಳಿಯದು. ಇಪ್ಪತ್ತೈದು ವರ್ಷದ ಗೋಂದು ಒಣಗಿ ಹಕ್ಕಳೆ ಎದ್ದಿತ್ತು. ಅವಳು ಪುಟ ತಿರುವುವಾಗ ಬಿಳಿ ಕಾಗದ ತಾನಾಗಿ ಉದುರಿತಂತೆ. ಹನ್ನೊಂದು ಪುಟ. ಆ ಹುಡುಗಿ ಬಾಗಿಲು ಮುಚ್ಚಿ ನನ್ನೆದುರು ಕೂತು ಒಂದೇ ಪ್ರಶ್ನೆ ಕೇಳಿದಳು.

“ಇದನ್ನ ಮುಚ್ಚಿದ್ದು ಯಾರು ಮೇಡಂ?”

ನಾನೇ ಎಂದೆ.

ಗುಬ್ಬಿ, ಅವನು ನಿನ್ನನ್ನು ಹೊಡೆಯುತ್ತಿದ್ದದ್ದನ್ನು ಬರೆದಿದ್ದ. ಒಂದನ್ನೂ ಬಿಟ್ಟಿರಲಿಲ್ಲ. ಮದುವೆಯಾದ ವರ್ಷದಿಂದ ಹಿಡಿದು, ಮೂಟೆ ಎಳೆಯುವ ಕೊಕ್ಕೆಯ ಹಿಡಿಯಿಂದ ಬೆನ್ನಿಗೆ ಹೊಡೆದದ್ದರವರೆಗೆ, ದಿನ ಹಾಕಿ ಬರೆದಿದ್ದ. ‘ಮೇಸ್ತ್ರಿ ಎಲ್ಲರೆದುರು ನನ್ನ ತಾಯಿಯನ್ನು ಬೈದ. ನಾನು ತಲೆ ತಗ್ಗಿಸಿದೆ. ಮನೆಗೆ ಬಂದು ಚಹಾದ ಲೋಟ ಒಡೆದೆ, ಅವಳ ತಲೆಯನ್ನು ಗೋಡೆಗೆ ಗುದ್ದಿದೆ. ಅವಳು ಎದ್ದು ಕಸಬರಿಗೆ ತಂದು ಗಾಜು ಗುಡಿಸಿದಳು. ನನ್ನ ಹತ್ತಿರ ಬಂದಾಗ, ಕಾಲೆತ್ತಿ, ಚುಚ್ಚುತ್ತೆ ಅಂದಳು. ನಾನು ಕಾಲೆತ್ತಿದೆ.’ ಇಡೀ ಪುಸ್ತಕದಲ್ಲಿ ಇದರಷ್ಟು ನಿಜವಾದ ಪುಟ ಇನ್ನೊಂದಿರಲಿಲ್ಲ. ಓದಿದ ಕೂಡಲೇ ನನಗೆ ಅದು ಗೊತ್ತಾಯಿತು. ಅದು ಗೊತ್ತಾಗುವುದೇ ನನ್ನ ಕಸುಬು.

ನಾನು ಅವನನ್ನು ಆಫೀಸಿಗೆ ಕರೆಸಿದೆ. ತಂಗಿಯ ಗಂಡ ಎಂದು ಬೈಯಲಿಲ್ಲ. ಸಂಪಾದಕಿಯಾಗಿ ಮಾತಾಡಿದೆ. ಮುಷ್ಕರ ನಡೆಯುತ್ತಿದೆ, ಹತ್ತು ಸಾವಿರ ಹಮಾಲಿಗಳು ಬೀದಿಯಲ್ಲಿದ್ದಾರೆ, ಮಾಲೀಕರು ಒಂದು ತಪ್ಪಿಗಾಗಿ ಹೊಂಚು ಹಾಕಿದ್ದಾರೆ, ಈ ಹನ್ನೊಂದು ಪುಟ ಅವರ ಕೈಗೆ ಕೊಡುವ ದೊಣ್ಣೆ ಎಂದೆ. ಮೊದಲು ಹೊಟ್ಟೆಯ ಪ್ರಶ್ನೆ, ಮನೆಯೊಳಗಿನದು ಆಮೇಲೆ ನೋಡಿಕೊಳ್ಳೋಣ ಎಂದೆ. ನನ್ನ ನಾಲಿಗೆ ಆಗ ಚೆನ್ನಾಗಿ ಹರಿಯುತ್ತಿತ್ತು. ಅವನು ಟೋಪಿಯನ್ನು ತೆಗೆದು ಮಂಡಿಯ ಮೇಲಿಟ್ಟುಕೊಂಡ.

“ಇದನ್ನ ಬರೆದ್ಮೇಲೆ ನಾಲ್ಕು ತಿಂಗಳು ಕೈ ಎತ್ತಿಲ್ಲ ಅಕ್ಕ,” ಅಂದ. “ಅಚ್ಚಾಗ್ಲಿ ಅಂತಾನೇ ಬರೆದೆ. ಊರಿಗೆಲ್ಲ ಗೊತ್ತಾದ್ರೆ ಇನ್ನು ಎತ್ತೋಕಾಗಲ್ಲ.”

ನಾನು ಏನು ಹೇಳಿದೆ ಗೊತ್ತಾ? ಅದು ಭಾವುಕತೆ ಎಂದೆ. ಹನ್ನೊಂದು ಪುಟ ಹೋದರೆ ಪುಸ್ತಕ ಬಿಗಿಯಾಗುತ್ತದೆ ಎಂದೆ. ಅವನು ಎದ್ದು, ನೀವು ಓದಿದವರು, ನಿಮಗೆ ಗೊತ್ತಿರುತ್ತೆ ಅಂದು ಟೋಪಿ ಹಾಕಿಕೊಂಡು ಹೋದ. ಆ ಮಾತಿನಲ್ಲಿ ಅವನಿಗೆ ಸ್ವಲ್ಪ ಸಮಾಧಾನವೂ ಇತ್ತು. ಅವನನ್ನು ನಾನು ತೊಳೆದು ಬಿಳಿ ಮಾಡುತ್ತಿಲ್ಲ. ಕೈ ಅವನದು, ಪಾಪ ಅವನದು. ಆದರೆ ತನ್ನ ಕೈ ಕಟ್ಟಿಸಿಕೊಳ್ಳಲು ತಾನೇ ಹಗ್ಗ ತಂದವನಿಗೆ ನಾನು ಹಗ್ಗ ಕಸಿದುಕೊಂಡು ಬೆನ್ನು ತಟ್ಟಿ ಕಳಿಸಿದೆ.

ಬುಧವಾರ

ನಿನ್ನೆ ಬರೆಯಲಾಗಲಿಲ್ಲ. ಆಫೀಸಿನಲ್ಲಿ ಸಭೆ ಇತ್ತು, ಇದೇ ವಿಷಯಕ್ಕೆ. ಕಾರ್ಯದರ್ಶಿ ಬಂದಿದ್ದ. ಈಗ ಅವನಿಗೂ ತಲೆ ನರೆತಿದೆ. ಸತ್ತವರ ಮೇಲೆ ಯಾಕೆ ಕೆಸರು, ಗೋದಾಮು ಮುಚ್ಚುತ್ತಿದ್ದಾರೆ, ಇಂಥ ಹೊತ್ತಿನಲ್ಲಿ ಹಮಾಲಿಗಳ ನಾಯಕ ಹೆಂಡತಿಗೆ ಹೊಡೆಯುತ್ತಿದ್ದ ಎಂದು ಗೋಡೆಗಳ ಮೇಲೆ ಬರೆಯುತ್ತಾರೆ, ಮೊದಲು ಹೊಟ್ಟೆಯ ಪ್ರಶ್ನೆ ಅಲ್ಲವೇ ಅಕ್ಕ ಎಂದ. ನನ್ನದೇ ಮಾತು, ಮುಷ್ಕರದ ಸಭೆಗಳಲ್ಲೆಲ್ಲ ನಾನು ಹೇಳುತ್ತಿದ್ದದ್ದು. ಇಪ್ಪತ್ತೈದು ವರ್ಷ ಜೋಪಾನವಾಗಿಟ್ಟುಕೊಂಡು ನನಗೇ ತಿರುಗಿಸಿ ಕೊಟ್ಟ. ಆ ಪುಟಗಳನ್ನು ಸುಟ್ಟುಬಿಡಿ ಎಂದೂ ಹೇಳಿದ, ಮೆಲ್ಲಗೆ, ಕಿಟಕಿ ಮುಚ್ಚಿ ಎನ್ನುವ ಹಾಗೆ.

ನಮ್ಮ ಪ್ರಕಾಶಕರು ಈಗ ಹಳೆಯ ಯಜಮಾನರ ಮಗ. ಆತ ಮುಖ ಅರಳಿಸಿಕೊಂಡು, “ಮೇಡಂ, ಇದು ನಮ್ಮ ಅದೃಷ್ಟ. ಮುಚ್ಚಿಟ್ಟ ಹನ್ನೊಂದು ಪುಟ ಅಂತ ರಕ್ಷಾಪುಟದ ಮೇಲೇ ಹಾಕೋಣ,” ಅಂದ. ಕೆಂಪು ಅಕ್ಷರದಲ್ಲಾ, ಕಪ್ಪಿನಲ್ಲಾ ಎಂದು ಚಿತ್ರ ಬರೆಯುವವನಿಗೆ ಆಗಲೇ ಫೋನ್ ಮಾಡಲು ಎದ್ದ. ನಿನ್ನ ಬೆನ್ನಿನ ಬಾಸುಂಡೆಯ ಬಣ್ಣ ಯಾವುದಿರಬೇಕು ಎಂದು ಅವರು ನಿರ್ಧರಿಸುತ್ತಿದ್ದರು. ಒಬ್ಬನಿಗೆ ನೀನು ಸುಡಬೇಕಾದ ಕಾಗದ, ಇನ್ನೊಬ್ಬನಿಗೆ ಜಾಹೀರಾತು. ಇಬ್ಬರನ್ನೂ ಅಲ್ಲೇ ಉಗಿದೆ. ಉಗಿಯುತ್ತಿರುವಾಗ ಆ ಕಿರಿಯ ಹುಡುಗಿ ನಡುವೆ ಬಾಯಿ ಹಾಕಿದಳು.

“ಅವರ ಹೆಂಡತಿ ಬದುಕಿದಾರಲ್ಲ ಮೇಡಂ. ಯಾರಾದ್ರೂ ಅವರನ್ನ ಕೇಳಿದ್ರಾ?”

ಮೂಕರ ಬಾಯಿ ತೆರೆಸುತ್ತೇನೆ ಎಂದು ನಲವತ್ತು ವರ್ಷ ವೇದಿಕೆಗಳ ಮೇಲೆ ಗಂಟಲು ಹರಿದುಕೊಂಡ ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ನಿನ್ನ ಬದುಕಿನ ಹನ್ನೊಂದು ಪುಟವನ್ನು ನಿನ್ನ ಗಂಡ ಬರೆದ, ನಾನು ಮುಚ್ಚಿದೆ, ಇವಳು ಬಿಚ್ಚಿದಳು, ಇವರಿಬ್ಬರು ಹಂಚಿಕೊಳ್ಳಲು ಕೂತಿದ್ದಾರೆ. ನೀನು ಮಾತ್ರ ಅವು ಇವೆ ಎಂಬುದನ್ನೇ ಅರಿಯದೆ, ‘ಇವರು ಮನೆಯಲ್ಲಿ ಹೇಗಿದ್ದರು’ ಎಂದು ಬರೆದುಕೊಡು ಎಂದು ನನ್ನನ್ನು ಕೇಳುತ್ತಿದ್ದೀಯ.

ಆದ್ದರಿಂದ ಕೇಳು. ಸಭೆ ಮುಗಿಯುವ ಮೊದಲೇ ಆ ಹನ್ನೊಂದು ಪುಟಗಳನ್ನು ಎತ್ತಿ ಚೀಲಕ್ಕೆ ಹಾಕಿಕೊಂಡೆ. ಕಳ್ಳತನ ಎಂದು ಪ್ರಕಾಶಕ ಕೂಗಿದ. ಹೌದು ಅಂದು ಮೆಟ್ಟಿಲಿಳಿದೆ. ಈ ಕಾಗದದ ಜೊತೆಗೆ ಅವೂ ನಿನಗೆ ಬರುತ್ತವೆ. ಅವನ ಅಕ್ಷರ, ನೀಲಿ ಶಾಯಿ, ಒಂದೊಂದು ಕಡೆ ನನ್ನ ಗೋಂದಿನ ಕಲೆ. ನಕಲು ಮಾಡಿಲ್ಲ. ಹುಡುಗಿಯೂ ಮಾಡಿಲ್ಲ, ಅವಳು ಅಂಥವಳಲ್ಲ. ಅಚ್ಚಾಗಲಿ ಎಂದರೆ ಅಕ್ಷರ ತಪ್ಪದೆ, ಕೊಂಬು ದೀರ್ಘ ತಿದ್ದದೆ ಅಚ್ಚು ಮಾಡಿಸುತ್ತೇನೆ, ರಕ್ಷಾಪುಟದ ಮೇಲೆ ಒಂದಕ್ಷರ ಬೀಳದ ಹಾಗೆ ನೋಡಿಕೊಳ್ಳುತ್ತೇನೆ. ಒಲೆಗೆ ಹಾಕುತ್ತೇನೆ ಎಂದರೆ ಹಾಕು, ಯಾಕೆ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ, ಆ ಸಂಘಕ್ಕಂತೂ ಇಲ್ಲವೇ ಇಲ್ಲ. ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಏನೂ ಮಾಡದೆ ಇದ್ದರೂ ಸರಿ. ಭಾರವನ್ನು ನಿನ್ನ ತಲೆಗೆ ಕಟ್ಟಿ ನಾನು ಕೈ ತೊಳೆದುಕೊಳ್ಳುತ್ತಿದ್ದೇನೆ ಎಂದು ನಿನಗೆ ಅನ್ನಿಸಿದರೆ, ಅದೂ ನಿಜವೇ ಇರಬಹುದು.

ನನ್ನ ಪಾಲಿನದನ್ನು ನಾನು ಬರೆಯುತ್ತೇನೆ. ಹೊಸ ಮುದ್ರಣದಲ್ಲಿ ನನ್ನ ಹೆಸರಿನಲ್ಲಿ ಒಂದು ಪುಟ: ಲೇಖಕ ಬರೆದ ಹನ್ನೊಂದು ಪುಟಗಳನ್ನು, ಅವು ಅಚ್ಚಾಗಲಿ ಎಂದು ಅವನು ಕೇಳಿಕೊಂಡರೂ, ಸಂಪಾದಕಿಯಾಗಿ ನಾನು ಮುಚ್ಚಿದೆ, ಅದು ಅವನ ಹೆಂಡತಿಗೆ ಮಾಡಿದ ದ್ರೋಹ. ಒಳಗೆ ಏನಿತ್ತು ಎಂದು ಬರೆಯುವುದಿಲ್ಲ. ಅದನ್ನು ಹೇಳುವುದು, ಬಿಡುವುದು ನಿನ್ನದು. ನನ್ನನ್ನು ಮೇಲೆತ್ತಿದ ಜನ ಕೆಳಗೆ ಎಸೆಯಲಿ. ಮಂಡಿ ಹೇಗೂ ಹೋಗಿದೆ.

‘ಮನೆಯಲ್ಲಿ ಹೇಗಿದ್ದರು’ ಎನ್ನುವ ಎರಡು ಮಾತನ್ನು ಮಾತ್ರ ನಾನು ಬರೆದುಕೊಡುವುದಿಲ್ಲ. ನೀನೇ ಬರಿ. ಬರೆಯೋಕೆ ಬರಲ್ಲ ಎನ್ನಬೇಡ. ನಲ್ಲಿ ರಿಪೇರಿಯಾದದ್ದನ್ನು ಎಷ್ಟು ಚೆನ್ನಾಗಿ ಬರೆದಿದ್ದೀಯ. ಬರೆದರೆ ನನಗೆ ತೋರಿಸಬೇಡ, ಆ ಹುಡುಗಿಗೆ ಕಳಿಸು. ನಾನು ಕೈ ಹಚ್ಚುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಮಗಳಿಗೆ ದೊಡ್ಡಮ್ಮನ ಮುದ್ದು. ಇನ್ನುಳಿದ ದಿನಗಳಲ್ಲಾದರೂ ನಿನ್ನ ಮಾತಿಗೆ ಯಾರೂ ಅಡ್ಡ ಬಾರದಿರಲಿ, ನಾನೂ ಸೇರಿ. ಅಷ್ಟೇ ನನ್ನ ಹಾರೈಕೆ.

ನಿನ್ನ,
ಅಕ್ಕ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಆ ಪುಟಗಳಲ್ಲಿ ನಿನ್ನ ಎಡಗಿವಿಯನ್ನು ಹುಡುಕಬೇಡ, ಇಲ್ಲ. ಅದು ಕಿವುಡಾದದ್ದು ಪುಸ್ತಕ ಬಂದ ಮೇಲೆ. ಪುಸ್ತಕ ಬಿಡುಗಡೆಯಾಗಿ ಎರಡು ವಾರಕ್ಕೆ ಒಂದು ಮಧ್ಯಾಹ್ನ ನೀನು ಬಟ್ಟೆಯ ಚೀಲ ಹಿಡಿದು ನನ್ನ ಆಫೀಸಿಗೆ ಬಂದೆ. ನಾಲ್ಕು ದಿನ ನಿನ್ನ ಹತ್ತಿರ ಇರುತ್ತೇನೆ ಎಂದೆ. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ನೀನು ಹೇಳಿಬಿಡುತ್ತಿದ್ದೆ. ಮರುದಿನ ಪತ್ರಿಕೆಯವರು ನಿಮ್ಮ ಮನೆಗೆ ಬರುವವರಿದ್ದರು, ಫೋಟೋದಲ್ಲಿ ಹೆಂಡತಿ ಬೇಕಿತ್ತು. ಚಹಾ ಕುಡಿಸಿ ನಾನೇ ಬಸ್ ಹತ್ತಿಸಿದೆ. ಅದೇ ವಾರ ಆಸ್ಪತ್ರೆಯಲ್ಲಿ ಡಾಕ್ಟರ್, ಏನಾಯಿತಮ್ಮ, ಕಿವಿಯಲ್ಲಿ ಇಷ್ಟು ರಕ್ತ ಯಾಕೆ ಎಂದು ಕೇಳಿದರು. ನೀನು ನನ್ನ ಮುಖ ನೋಡಿದೆ. “ಚಿಕ್ಕಂದಿನಿಂದ ಅವಳ ಕಿವಿ ಸೋರ್ತಿತ್ತು ಡಾಕ್ಟ್ರೇ” ಎಂದು ನಾನು ಹೇಳಿದೆ. ನೀನು ಅದನ್ನೇ ಇಪ್ಪತ್ತೈದು ವರ್ಷದಿಂದ ಎಲ್ಲರಿಗೂ ಹೇಳುತ್ತಿದ್ದೀಯ, ನಿನ್ನ ಮಗಳಿಗೂ.