ಮೂಗಿನ ಬಾಗಿಲು ತೆರೆದ ಮೇಲೆ

ಮನೆ, ಅಡುಗೆಮನೆಯ ಮೇಜು
ಮಾರ್ಚ್ ೯, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಸಮುದ್ರದ ಮಧ್ಯೆ ಕಬ್ಬಿಣದ ಅಟ್ಟದ ಮೇಲೆ ನಿಂತು ಎಣ್ಣೆ ಬಾವಿ ಕಾಯುವವನಿಗೆ ಬಿಸಿನೀರಿನ ಶಾಖ ಕೊಟ್ಟುಕೋ ಅಂದರೆ ನಗುತ್ತೀಯ ಅಂತ ಗೊತ್ತು. ಆದರೂ ಕೊಟ್ಟುಕೋ. ಅಲ್ಲಿಂದ ನೀನು ಮಾಡಿದಾಗಷ್ಟೇ ಫೋನು, ಆಗಲೂ ಅಮ್ಮ ಪಕ್ಕದಲ್ಲೇ ಕೂತು ಕಣ್ಣು ಬಿಡುತ್ತಿರುತ್ತಾಳೆ, ಹೇಳಬೇಕಾದ ಮಾತೆಲ್ಲ ಗಂಟಲಲ್ಲೇ ಉಳಿಯುತ್ತೆ. ಅದಕ್ಕೇ ಈ ಕಾಗದ. ಕೂತಲ್ಲಿ ಕೂರಲಾಗುತ್ತಿಲ್ಲ ನೋಡು. ಇಷ್ಟು ಬರೆಯುವಷ್ಟರಲ್ಲಿ ಎದ್ದು ಕಿಟಕಿ ತೆಗೆದೆ, ಮತ್ತೆ ಎದ್ದು ಮುಚ್ಚಿದೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಮೊದಲು ಮೂಗಿನ ಸುದ್ದಿ. ಕೊನೆಗೂ ಚಿಕಿತ್ಸೆ ಮಾಡಿಸಿಕೊಂಡೆ ಕಣೋ. ನನ್ನ ಅವಸ್ಥೆ ನಿನಗೆ ಗೊತ್ತೇ ಇದೆ. ಹಣೆ ಭಾರ, ಕೆನ್ನೆ ಮೂಳೆಯಲ್ಲಿ ನೋವು, ಒಂದು ಸಲದ ಮಾತ್ರೆ ಮುಗಿಯುವ ಮೊದಲೇ ಮತ್ತೆ ಸೋಂಕು. ಬಾಯಿ ಬಿಟ್ಟರೆ ತಂಬೂರಿ ಮೀಟಿದ ಹಾಗೆ ಗುಂಯ್ ಅನ್ನುತ್ತೆ ಅಂತ ನೀನು ಇಟ್ಟ ತಂಬೂರಿ ಅನ್ನುವ ಹೆಸರು ಬೀದಿಯವರಿಗೆಲ್ಲ ಬಾಯಿಪಾಠವಾಗಿದೆ. ವಾಸನೆ ಅನ್ನುವುದಂತೂ ಯಾವತ್ತೋ ಸತ್ತುಹೋಗಿತ್ತು. ಹಳೇ ಸೋಫಾ ಬಿಚ್ಚಿ ಹೊಸ ಬಟ್ಟೆ ಹೊದಿಸುವವಳಿಗೆ ಒಂದು ಲೆಕ್ಕಕ್ಕೆ ಅದೂ ಒಳ್ಳೆಯದೇ ಅಂತ ನಮ್ಮ ಅಂಗಡಿಯ ಮೇಸ್ತ್ರಿ ನಗಾಡುತ್ತಿದ್ದ. ಮೂಗಿನ ಡಾಕ್ಟರಮ್ಮ ಸ್ಕ್ಯಾನ್ ತೋರಿಸಿ ವಿವರವಾಗಿ ಹೇಳಿದರು. ಮುಖದ ಮೂಳೆಯೊಳಗೆ ಗಾಳಿಯಾಡುವ ಪುಟ್ಟ ಪುಟ್ಟ ಕೋಣೆಗಳಿರುತ್ತವಂತೆ, ಅದನ್ನೇ ಸೈನಸ್ ಅನ್ನುವುದಂತೆ. ನನ್ನವುಗಳ ಬಾಗಿಲು ಊದಿಕೊಂಡು ಮುಚ್ಚಿಹೋಗಿ, ಒಳಗೆ ಕೀವು ಬಾಡಿಗೆ ಕೊಡದ ಬಾಡಿಗೆದಾರನ ಹಾಗೆ ಠಿಕಾಣಿ ಹೂಡಿತ್ತು. ಕೆಲವರಿಗೆ ಒಳಗಡೆ ಕತ್ತರಿಸಿ ದಾರಿ ಮಾಡಬೇಕಾಗುತ್ತೆ, ನಿನಗೆ ಬಲೂನು ಸಾಕು ಅಂದರು. ಹಿಂದೆ ದಿನ ಗೊತ್ತುಮಾಡಿದ್ದು ಒಮ್ಮೆ ಅಮ್ಮನ ಕಣ್ಣಿನ ಆಪರೇಷನ್ನಿಂದ ತಪ್ಪಿತ್ತು, ಇನ್ನೊಮ್ಮೆ ಹೋಟೆಲಿನವರ ಕುರ್ಚಿ ಕೆಲಸದಿಂದ ತಪ್ಪಿತ್ತು. ಈ ಸಲ ಆಕಾಶ ಕಳಚಿಬಿದ್ದರೂ ಹೋಗೋದೇ ಅಂತ ಅಮ್ಮನೇ ಹಟ ಹಿಡಿದಳು.

ಪೂರ್ತಿ ಎಚ್ಚರವಾಗಿದ್ದೆ ಅಂದರೆ ನಂಬುತ್ತೀಯಾ? ಔಷಧಿ ಅದ್ದಿದ ಹತ್ತಿ ಇಟ್ಟು, ಆಮೇಲೆ ಸೂಜಿ ಚುಚ್ಚಿ, ಮೂಗಿನ ಒಳಗನ್ನೆಲ್ಲ ಮರಗಟ್ಟಿಸಿದರು. ಕ್ಯಾಮೆರಾ ಇರುವ ಕಡ್ಡಿಯೊಂದು, ಅದರ ಜೊತೆ ದಾರದಂಥ ನಳಿಗೆ. ಅದರ ತುದಿಯಲ್ಲಿ ಬಲೂನು, ಊದದೆ ಇದ್ದಾಗ ಅಕ್ಕಿಕಾಳಿಗಿಂತ ದಪ್ಪ ಇರಲಿಕ್ಕಿಲ್ಲ. ಅದನ್ನು ಮುಚ್ಚಿದ ಬಾಗಿಲಲ್ಲಿ ತೂರಿಸಿ ನಿಧಾನಕ್ಕೆ ಉಬ್ಬಿಸುತ್ತಾರೆ. ಆಗ ತಲೆಯೊಳಗೆ ಒಣಗಿದ ಹಪ್ಪಳ ಮುರಿದ ಹಾಗೆ ಚಟ್ ಅಂತ ಸದ್ದಾಯಿತು. ನೋವಲ್ಲ, ಒತ್ತಡ, ಅಷ್ಟೇ. ಬಲೂನು ಇಳಿಸಿ, ನೀರು ಹಾಯಿಸಿ, ತೊಳೆದು, ಇನ್ನೊಂದು ಬಾಗಿಲಿಗೆ ಹೋದರು. ಅದೇ ಮಧ್ಯಾಹ್ನ ನಡೆದುಕೊಂಡೇ ಹೊರಗೆ ಬಂದೆ. ಹೊರಗೆ ಬೆಂಚಿನ ಮೇಲೆ ಅಮ್ಮ ದಪ್ಪ ಕಾಲುಚೀಲ, ಬೂಟು ಹಾಕಿಕೊಂಡು ಕೂತಿದ್ದಳು. ಎದ್ದಾಗ ಸ್ವಲ್ಪ ಕುಂಟಿದಳು. ಕೇಳಿದ್ದಕ್ಕೆ ಬೂಟು ಬಿಗಿ ಅಂದಳು. ಅಷ್ಟು ವರ್ಷ ಬಸ್ಸು ಓಡಿಸಿದ ಕಾಲು, ಏನೋ ಇರಬೇಕು ಅಂತ ನಾನೂ ಬಿಟ್ಟುಬಿಟ್ಟೆ.

ತಲೆಭಾರ ಬೇಗ ಇಳಿಯಿತು. ವಾಸನೆ ಬರುತ್ತೆ ಅಂತ ಮಾತು ಕೊಡಲಾರೆ ಅಂದಿದ್ದರು ಡಾಕ್ಟರಮ್ಮ, ಆದರೆ ದಿನಾ ಉಪ್ಪುನೀರಲ್ಲಿ ಮೂಗು ತೊಳೆಯುತ್ತಾ ಹೋದ ಹಾಗೆ ಅದೂ ಬಂತು, ಕರೆಯದೆ ಬಂದ ನೆಂಟರ ಹಾಗೆ ಒಬ್ಬೊಬ್ಬರಾಗಿ. ಮೊದಲು ಸೋಪು. ಆಮೇಲೆ ಹುರಿದ ಈರುಳ್ಳಿ, ಒಲೆಯ ಮುಂದೆ ನಿಂತು ಅತ್ತುಬಿಟ್ಟೆ. ಅಂಗಡಿಯಲ್ಲಿ ಅಂಟಿನ ಡಬ್ಬ ತೆರೆದವಳು ತಕ್ಷಣ ಮುಚ್ಚಿದೆ, ಇಷ್ಟು ಕಾಲ ಇದರೊಳಗೇ ಕೂತು ಊಟ ಮಾಡಿದ್ದೀನಲ್ಲ ಅನ್ನಿಸಿತು. ರಿಪೇರಿಗೆ ಬಂದ ಒಂದು ಸೋಫಾ ಬಿಚ್ಚಿದೆ. ತಲೆಗೆ ಹಚ್ಚುವ ಎಣ್ಣೆ, ನಾಯಿ, ಮಗು ಚೆಲ್ಲಿದ ಹಾಲು, ಯಾರದೋ ಬೀಡಿ, ಒಂದು ಸಂಸಾರವೇ ಎದ್ದು ಎದುರಿಗೆ ನಿಂತ ಹಾಗಾಯಿತು. ಸಂತೋಷವಾಗಬೇಕಿತ್ತು. ಆಗಿದ್ದು ಚಡಪಡಿಕೆ. ಎಲ್ಲ ಕಡೆಯಿಂದಲೂ ಯಾರೋ ಮಾತಾಡಿಸಿದಂತೆ, ಯಾರಿಗೆ ಉತ್ತರ ಕೊಡಬೇಕೋ ತಿಳಿಯದಂತೆ.

ಮತ್ತೆ ಮನೆಯೊಳಗೆ ಒಂದು ವಾಸನೆ. ಸಿಹಿ ಅನ್ನಬೇಕೋ, ಕೊಳೆತದ್ದು ಅನ್ನಬೇಕೋ. ಕಸದ ಬುಟ್ಟಿ ತೊಳೆದೆ. ಬಚ್ಚಲಿಗೆ ಬಿಸಿನೀರು ಸುರಿದೆ. ಫ್ರಿಜ್ ಎಳೆದು ಅದರ ಹಿಂದೆ ಟಾರ್ಚು ಬಿಟ್ಟೆ, ಇಲಿ ಸತ್ತಿರಬೇಕು ಅಂತ. ಕಪಾಟು ಪೂರ್ತಿ ಖಾಲಿ ಮಾಡಿ ಮತ್ತೆ ಜೋಡಿಸಿದೆ. ನಿನಗೆ ಮೂಗು ಬಂದು ನನಗೆ ಗ್ರಹಚಾರ ಬಂತು ಅಂತ ಅಮ್ಮ ಗೊಣಗಿದಳು. ಮೂಗು ಹೊಸದು, ಇಲ್ಲದ್ದನ್ನೂ ತೋರಿಸುತ್ತಿರಬಹುದು ಅಂತ ನನಗೇ ಅನುಮಾನ. ಡಾಕ್ಟರಮ್ಮನನ್ನು ಕೇಳಿದರೆ, ಕೆಲವರಿಗೆ ಹಾಗೂ ಆಗುವುದುಂಟು, ಆದರೆ ನಿನ್ನದು ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಅಂತ ಗಮನಿಸು ಅಂದರು.

ಗುರುವಾರ ಅಮ್ಮ ತರಕಾರಿಗೆ ಹೋದಳು. ಸ್ವಲ್ಪ ಹೊತ್ತಿಗೆ ಮನೆ ತಿಳಿಯಾಯಿತು. ಮನೆಯೆಲ್ಲ ಮೂಸಿಕೊಂಡು ಓಡಾಡಿದೆ, ಎಲ್ಲೂ ಇಲ್ಲ. ಅವಳು ಬಂದು ಚೀಲ ಕೆಳಗಿಟ್ಟು ಕುರ್ಚಿಯಲ್ಲಿ ಕೂತಳು ನೋಡು, ವಾಸನೆಯೂ ಬಂದು ಕೂತಿತು. ಆಸ್ಪತ್ರೆಯಲ್ಲಿ ಅವಳು ಕುಂಟಿದ್ದು ನೆನಪಾಯಿತು. ಅವಳ ಕಾಲ ಬಳಿ ಕೂತು ಬೂಟಿನ ದಾರ ಬಿಚ್ಚಿದೆ. ಕಾಲು ಎಳೆದುಕೊಂಡಳು, ಬೈದಳು, ತಲೆಯ ಮೇಲೆ ಮೊಟಕಿದಳು ಕೂಡ. ಆಮೇಲೆ ತಾನೇ ಕಾಲು ಮುಂದೆ ಚಾಚಿದಳು. ಕಾಲುಚೀಲ ಅಂಟಿಕೊಂಡಿತ್ತು, ನೀರು ಹಾಕಿ ನೆನೆಸಿ ಬಿಡಿಸಬೇಕಾಯಿತು. ಕಿರುಬೆರಳೂ ಪಕ್ಕದ್ದೂ ಕಪ್ಪಗಾಗಿದ್ದವು. ಅಂಗಾಲಿನಲ್ಲಿ ಗಾಯ. ಸಕ್ಕರೆ ಕಾಯಿಲೆಯಿಂದ ಕಾಲಿಗೆ ಸ್ಪರ್ಶವೇ ಇಲ್ಲ, ಕಾಲುಚೀಲದ ಕಲೆ ನೋಡಿದ ಮೇಲೇ ಅವಳಿಗೂ ಗೊತ್ತಾಗಿದ್ದಂತೆ. ಅದೂ ನನ್ನ ಬಲೂನಿನ ದಿನಕ್ಕೆ ಮೊದಲೇ.

“ಹೇಳಿದ್ದರೆ ನಿನ್ನ ದಿನ ಮತ್ತೆ ತಪ್ಪುತ್ತಿತ್ತು,” ಅಂದಳು. ಆಮೇಲೆ, “ನಿನಗೆ ವಾಸನೆ ಬರಲ್ಲವಲ್ಲ, ಆ ಧೈರ್ಯ ಇತ್ತು,” ಅಂದಳು.

ನನಗೆ ಕೋಪ ಬಂತೋ ಅಳು ಬಂತೋ ಹೇಳಲಾರೆ. ಟವೆಲ್ ಸುತ್ತಿ ಆಟೋದಲ್ಲಿ ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಾಲಿನ ಡಾಕ್ಟರು ಕೆಟ್ಟದ್ದನ್ನೆಲ್ಲ ಕೆರೆದು ತೊಳೆದು ಕಟ್ಟು ಹಾಕಿದ್ದಾರೆ, ಬೆಳಿಗ್ಗೆ ಸಂಜೆ ಇಂಜೆಕ್ಷನ್. ಎರಡು ಬೆರಳು ತೆಗೆಯಬೇಕಂತೆ, ಈ ವಾರದ ಕೊನೆಗೆ. ಸಣ್ಣ ಕೆಲಸ. ಮಂಚ ಕಿಟಕಿಯ ಪಕ್ಕ ಸಿಕ್ಕಿದೆ. ಎದುರು ರಸ್ತೆಯಲ್ಲಿ ಬಸ್ಸು ತಿರುಗಿಸುವವರಲ್ಲೆಲ್ಲ ಮಲಗಿದಲ್ಲಿಂದಲೇ ತಪ್ಪು ಹುಡುಕುತ್ತಿದ್ದಾಳೆ. ನರ್ಸುಗಳಿಗೆ ಒಳ್ಳೆ ಹೊತ್ತು ಹೋಗುತ್ತಿದೆ. ನಾನು ಬಟ್ಟೆ ಬದಲಿಸಲು ಮನೆಗೆ ಬಂದವಳು ಇದನ್ನು ಬರೆಯುತ್ತಿದ್ದೇನೆ, ಸಂಜೆ ಅವಳಿಗೂ ಓದಿಸಬೇಕು, ನಿನಗೆ ಏನೇನು ಬರೆದೆ ಅಂತ ನೋಡದೆ ಅಂಟಿಸಲು ಬಿಡುವುದಿಲ್ಲವಂತೆ.

ನೀನು ಹುಷಾರು. ಆ ಎತ್ತರದಲ್ಲಿ ಗಾಳಿಗೆ ಬರಿತಲೆಯಲ್ಲಿ ನಿಲ್ಲಬೇಡ, ಹೊತ್ತುಹೊತ್ತಿಗೆ ಉಣ್ಣು. ನಿನ್ನ ಜೊತೆಯವರಿಗೆಲ್ಲ ನಾನು ಕೇಳಿದೆ ಅಂತ ಹೇಳು. ಅಮ್ಮ ನಿನ್ನ ನೆತ್ತಿಯ ಮೇಲೆ ಕೈಯಿಟ್ಟಿದ್ದಾಳೆ ಅಂದುಕೋ.

ನಿನ್ನ ತಂಗಿ

ತಾ.ಕ.: ಅಮ್ಮ ಓದಿ, ಸರಿ ಅಂದು, ಔಷಧಿಯ ಮಂಪರಿಗೆ ನಿದ್ದೆ ಹೋಗಿದ್ದಾಳೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಇದನ್ನು ಸೇರಿಸುತ್ತಿದ್ದೇನೆ. ಎರಡು ಬೆರಳು, ಸಣ್ಣ ಕೆಲಸ ಅಂತ ಬರೆ ಅಂದಿದ್ದು ಅವಳು. ಸೋಂಕು ಮೂಳೆಗೆ ಇಳಿದಿದೆ, ಬೆರಳು ಸಾಲದು, ಕಾಲು ಉಳಿಯಬೇಕಾದರೆ ಅರ್ಧ ಪಾದ ತೆಗೆಯಬೇಕು ಅಂತ ಡಾಕ್ಟರು ನಮ್ಮಿಬ್ಬರ ಮುಂದೆಯೇ ಹೇಳಿದರು. ಅವಳು ಸಹಿ ಹಾಕುತ್ತಿಲ್ಲ. ಬ್ರೇಕ್ ಒತ್ತಿದ ಪಾದ ಅದು, ಬಿಡಲ್ಲ ಅನ್ನುತ್ತಾಳೆ. ನೀನು ಫೋನ್ ಮಾಡಿದರೆ ನಿನ್ನ ಹತ್ತಿರವೂ ನಗುನಗುತ್ತಲೇ ಮಾತಾಡುತ್ತಾಳೆ, ನಂಬಬೇಡ. ನನ್ನ ಮಾತು ಅವಳ ಕಿವಿಗೆ ಬೀಳುವುದಿಲ್ಲ, ನೀನು ಎದುರಿಗೆ ಬಂದು ಕೂತರೆ ಇಲ್ಲ ಅನ್ನಲಾರಳು. ನಿಮ್ಮ ಅಟ್ಟಕ್ಕೆ ಬರುವ ಸಾಮಾನಿನ ದೋಣಿ ನಾಳೆ ಬೆಳಿಗ್ಗೆ ಹೊರಡುತ್ತಂತೆ, ಕಾಗದ ಅದರಲ್ಲಿ ಹಾಕಲು ಓಡುತ್ತಿದ್ದೇನೆ. ಇದನ್ನು ತಂದ ದೋಣಿಯಲ್ಲೇ ನೀನು ವಾಪಸ್ ಹೊರಟು ಬಾ.