ಪೈಪಿನ ಬಾಯಿಗೆ ಬೆಸೆದ ಜಾಲರಿ

ವರ್ಕ್‌ಶಾಪಿನ ಬೆಂಚಿನಿಂದ
ಜೂನ್ ೮, ಭಾನುವಾರ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಕೆಮ್ಮು ಕಡಿಮೆಯಾಯಿತೇ? ಹಾಸ್ಟೆಲ್ಲಿನ ಊಟ ರುಚಿಸದಿದ್ದರೂ ಹೊಟ್ಟೆಗೆ ಮೋಸ ಮಾಡಬೇಡ. ಇಲ್ಲಿ ನಿಮ್ಮಮ್ಮ ಆರೋಗ್ಯವಾಗಿದ್ದಾಳೆ, ನನ್ನ ಜೊತೆ ಮಾತು ಮಾತ್ರ ಬಿಟ್ಟಿದ್ದಾಳೆ. ಕಾರಣ ಹೇಳೋಣವೆಂದು ಫೋನ್ ಮಾಡಿದೆ. ನಿನ್ನ ದನಿ ಕೇಳಿದೊಡನೆ ಮಳೆಯ ಮಾತಾಡಿ ಫೋನ್ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ.

ತೋಪಿಗೂ ಕೆರೆಗೂ ನಡುವೆ ಹೊಸ ರಸ್ತೆ ಬಂದಾಗ, ಕಪ್ಪೆಗಳು ಮೊಟ್ಟೆಯಿಡಲು ಕೆರೆಗೆ ಹೋಗಲೆಂದು ನೀನು ಕಚೇರಿ ಕಚೇರಿ ಅಲೆದು ರಸ್ತೆಯಡಿ ಪೈಪು ಹಾಕಿಸಿದೆಯಲ್ಲ, ಅದರ ಬಾಯಿಯನ್ನು ನಾನೇ ಮುಚ್ಚಿದೆ. ನೀನು ಹೋದ ಮೇಲೆ ರಸ್ತೆ ಮೇಸ್ತ್ರಿ ಮೋರಿಗಳಿಗೆಲ್ಲ ಜಾಲರಿ ಬೆಸೆಯುವ ಕೆಲಸ ಕೊಟ್ಟ. ವೆಲ್ಡರ್ ಬುದ್ಧಿ ನಿನಗೆ ಗೊತ್ತೇ ಇದೆ, ತೆರೆದ ಬಾಯಿ ಕಂಡರೆ ಕೆಲಸ ಅರ್ಧಂಬರ್ಧ ಅನಿಸುತ್ತದೆ. ನಿನ್ನ ಪೈಪೆಂದು ಗೊತ್ತಿದ್ದೂ ಅದಕ್ಕೂ ಬೆಸೆದೆ. ಕಪ್ಪೆ ತಾನೇ, ಹೇಗೋ ಹಾರಿಕೊಂಡು ಹೋಗುತ್ತದೆ ಅಂದುಕೊಂಡೆ. ಇಲಿಯೂ ನುಸುಳದಷ್ಟು ಸಣ್ಣ ಕಣ್ಣಿನ ಜಾಲರಿ. ಮೇಸ್ತ್ರಿ ಬೆನ್ನು ತಟ್ಟಿದ, ನಾನೂ ಉಬ್ಬಿಹೋದೆ.

ಮೊದಲ ಮಳೆ ಬಂತು. "ಏನ್ರೀ, ಈ ಸಲ ಕೆರೇಲಿ ಒಂದು ಕಪ್ಪೇನೂ ಕೂಗ್ತಿಲ್ವಲ್ಲ" ಎಂದಳು ನಿಮ್ಮಮ್ಮ. ಪೈಪಿನ ಬಳಿ ಓಡಿಹೋಗಿ ನೋಡಿದರೆ ಕಪ್ಪೆಗಳು ಜಾಲರಿಗೆ ಒತ್ತಿಕೊಂಡು ಒಂದರ ಮೇಲೊಂದು ಕುಳಿತಿದ್ದವು, ಹೊಟ್ಟೆ ತುಂಬ ಮೊಟ್ಟೆ. ಹಾರಿ ದಾಟಲು ಹೋದವು ಟಾರಿನ ಮೇಲೆ ಅಪ್ಪಚ್ಚಿಯಾಗಿದ್ದವು. ತೋಪು ಹಾಗೇ ಇದೆ, ಕೆರೆಗೂ ನೀರು ಬಂದಿದೆ, ನಡುವಿನ ಅಷ್ಟು ದಾರಿಯನ್ನು ಕಿತ್ತುಕೊಂಡವನು ನಾನು. ಕಟರ್ ಹಿಡಿದು ಅಲ್ಲೇ ಕೂತು ಅತ್ತುಬಿಟ್ಟೆ ಮಗಳೇ. ಇಷ್ಟು ವರ್ಷ ಕಬ್ಬಿಣದ ಜೊತೆ ಇದ್ದು ನನ್ನ ತಲೆಯೂ ಕಬ್ಬಿಣವಾಯಿತೋ ಏನೋ. ಜಾಲರಿ ಆಗಲೇ ಕತ್ತರಿಸಿದೆ. ಮೇಸ್ತ್ರಿ ಬಾಯಿಗೆ ಬಂದಂತೆ ಬೈದ, ಬೈಯಲಿ.

ನೀನೂ ಮನಸಾರೆ ಬೈದು ಬರೆ, ಸುಮ್ಮನೆ ಮಾತ್ರ ಇರಬೇಡ. ಮೈ ಬೆಚ್ಚಗಿಟ್ಟುಕೋ, ಓದಿನಲ್ಲಿ ಮನಸ್ಸಿಡು. ಎಲ್ಲಿದ್ದರೂ ಚೆನ್ನಾಗಿರು ಕಂದಾ.

ನಿನಗೆ ಮುಖ ತೋರಿಸಲು ನಾಚುವ,
ಅಪ್ಪ

ಮರೆತಿದ್ದೆ: ಜಾಲರಿ ತೆಗೆದರೂ ಉಳಿದ ಕಪ್ಪೆಗಳು ಪೈಪಿನೊಳಗೆ ಕಾಲಿಡಲಿಲ್ಲ. ಮಾತಿಲ್ಲದಿದ್ದರೂ ನಿಮ್ಮಮ್ಮನೂ ನಾನೂ ಅವನ್ನು ಬಕೆಟ್ಟಿನಲ್ಲಿ ಹೊತ್ತು ಕೆರೆಗೆ ಬಿಡುತ್ತಿದ್ದೇವೆ. ಇವಕ್ಕೆ ಹುಟ್ಟುವ ಮರಿಗಳಿಗೆ ಆ ಪೈಪೇ ದಾರಿಯೆಂದು ಮುಂದೆ ಯಾರು ತೋರಿಸುತ್ತಾರೆ? ನನ್ನ ಸಮಾಧಾನಕ್ಕೆಂದು ಏನಾದರೂ ಬರೆಯಬೇಡ, ಇದ್ದದ್ದನ್ನೇ ಬರೆ.